ಅಪ್‌ಡೇಟ್: ಲೋಳೆಸರ ಹಚ್ಚಿ ತುರಿಕೆ ಬಂದಿತ್ತಲ್ಲ, ಈಗ ಸರಿಯಾಯ್ತು

ಹತ್ತು ದಿನದ ಹಿಂದೆ ಕೇಳಿದ್ದೆ: ಬಿಸಿಲಿಗೆ ಕೆಂಪಾದ ಕೈಗೆ ಕುಂಡದ ಲೋಳೆಸರ ಕತ್ತರಿಸಿ ಹಚ್ಚಿದರೆ, ತಂಪಾಗುವ ಬದಲು ತುರಿಕೆ ಶುರುವಾಗಿದೆ, ಏನು ಮಾಡಲಿ ಅಂತ.

ತಪ್ಪು ತಿರುಳಿನದಲ್ಲ, ಸಿಪ್ಪೆಯ ಕೆಳಗಿರುವ ಹಳದಿ ರಸದ್ದು. 'ಎಲೆ ನಿಲ್ಲಿಸಿ ಸೋರಲು ಬಿಡಿ' ಅಂದವರಿಗೆ ದೊಡ್ಡ ಥ್ಯಾಂಕ್ಸ್. ತುರಿಕೆ ಇಳಿಯುವವರೆಗೆ ನಾಲ್ಕು ದಿನ ಏನೂ ಹಚ್ಚಲಿಲ್ಲ. ಆಮೇಲೆ ಕತ್ತರಿಸಿದ ಬುಡ ಕೆಳಗೆ ಮಾಡಿ ಎಲೆಯನ್ನು ಲೋಟದಲ್ಲಿ ಕಾಲು ಗಂಟೆ ನಿಲ್ಲಿಸಿದೆ. ತಳದಲ್ಲಿ ಅರಿಶಿನದ ನೀರಿನಂಥ ರಸ, ಮೂಗಿಗೆ ಹಿಡಿದರೆ ಕಮಟು! ಸಿಪ್ಪೆ ದಪ್ಪಗೆ ಹೆರೆದು, ತಿರುಳನ್ನು ಎರಡು ಸಲ ತೊಳೆದು, ಮೊದಲು ಮೊಣಕೈ ಒಳಭಾಗಕ್ಕೆ ಚೂರು ಹಚ್ಚಿ ಒಂದು ದಿನ ಕಾದೆ. ಏನೂ ಆಗಲಿಲ್ಲ. ಈಗ ಆರಾಮಾಗಿ ಹಚ್ಚುತ್ತಿದ್ದೇನೆ.

ನಿಂಬೆರಸ ಬೆರೆಸಿ ಅಂದಿದ್ದರಲ್ಲ, ದಯವಿಟ್ಟು ಬೇಡ. ಉರಿಗೆ ಕುಣಿದಾಡಿಬಿಟ್ಟೆ. ಫ್ರಿಜ್ಜಿನಲ್ಲಿಟ್ಟು ಹಚ್ಚಿದಾಗ ತಂಪೇನೋ ಆಯ್ತು, ತುರಿಕೆ ಹೋಗಲಿಲ್ಲ.

ನನಗೆ ಗೊತ್ತೇ ಇರಲಿಲ್ಲ, ಆ ಹಳದಿ ರಸದಲ್ಲಿರುವ ಅಲೋಯಿನ್ ಜೋರು ಭೇದಿ ಮಾಡಿಸುತ್ತದೆ. ಅಮೆರಿಕದಲ್ಲಿ ಡಾಕ್ಟರ ಚೀಟಿ ಇಲ್ಲದೆ ಮಾರುವ, ಭೇದಿ ಮಾಡಿಸುವ ಔಷಧಿಗಳಲ್ಲಿ ಅದನ್ನು ಬಳಸದಂತೆ 2002ರಲ್ಲೇ ತಡೆದಿದ್ದಾರೆ. ನಮ್ಮತ್ತೆ ದಿನಾ ಬೆಳಿಗ್ಗೆ ಇಡೀ ಎಲೆ ರುಬ್ಬಿ ಕುಡಿಯುತ್ತಿದ್ದರು, ಅದೂ ಶುಗರ್ ಮಾತ್ರೆಯ ಜೊತೆ! ಡಾಕ್ಟರು ಕೇಳಿದವರೇ 'ಮೊದಲು ನಿಲ್ಲಿಸಿ' ಅಂದರು. ಬಸುರಿಯರೂ ಕುಡಿಯಬಾರದಂತೆ. ಹಾಂ, ಬೆಕ್ಕು ನಾಯಿ ಸಾಕಿದವರು ಕುಂಡ ಎತ್ತರದಲ್ಲಿಡಿ, ಅವು ತಿಂದರೆ ವಿಷ.