‘ಸಮ್ಮತಿ’ಯೋ ‘ಒಪ್ಪಿಗೆ’ಯೋ? ಹಾಸ್ಟೆಲಿನ ಗೋಡೆಗೆ ಅಂಟಿಸುವ ಹಾಳೆಗೆ ಒಂದು ಪದ ಬೇಕು

ಎಲ್ಲರಿಗೂ ನಮಸ್ಕಾರ.

ನಾನು ಮಂಗಳೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ವಿದ್ಯಾರ್ಥಿಗಳ ನಡುವೆ ಲೈಂಗಿಕ ದೌರ್ಜನ್ಯ ನಡೆದರೆ ಯಾರ ಹತ್ತಿರ ಹೋಗಬೇಕು, ಏನು ಮಾಡಬೇಕು ಅಂತ ತಿಳಿಸುವ ಒಂದು ಪುಟದ ಹಾಳೆಯನ್ನು ಕನ್ನಡದಲ್ಲಿ ಬರೆದುಕೊಡಲು ನನಗೆ ಹೇಳಿದ್ದಾರೆ. ಹಾಸ್ಟೆಲು, ಕ್ಯಾಂಟೀನು, ಲೈಬ್ರರಿ, ಎಲ್ಲ ಕಡೆ ಅಂಟಿಸುತ್ತಾರೆ. ಇಂಗ್ಲಿಷಿನದ್ದು ಮೊದಲೇ ಇತ್ತು. ಅದನ್ನು ನಿಂತು ಓದಿದವರನ್ನು ನಾನು ನೋಡಿಲ್ಲ.

‘ಕನ್ಸೆಂಟ್’ ಅನ್ನುವ ಮಾತಿಗೆ ನಾನು ‘ಸಮ್ಮತಿ’ ಅಂತ ಬರೆದಿದ್ದೆ. ಕೋರ್ಟು ಕಚೇರಿಯ ಕನ್ನಡದಲ್ಲಿ ಅದೇ ಜಾಸ್ತಿ ಕಾಣುವುದು. ಹಾಸ್ಟೆಲಿನಲ್ಲಿರುವ ಸೆಕೆಂಡ್ ಬಿಕಾಂ ಹುಡುಗಿಯೊಬ್ಬಳಿಗೆ ಕರಡು ಓದಲು ಕೊಟ್ಟೆ. ಮರುದಿನ ಹಾಳೆ ವಾಪಸ್ ಬಂತು. ‘ಸಮ್ಮತಿ’ ಬಂದ ನಾಲ್ಕೂ ಕಡೆ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದಳು. "ಮೇಡಂ, ಮೌನಂ ಸಮ್ಮತಿ ಲಕ್ಷಣಂ ಅಂತ ಹೇಳ್ತಾರಲ್ಲ, ಇದು ಅದೇ ಸಮ್ಮತಿಯಾ? ಹಾಗಾದ್ರೆ ಹೆದರಿ ಸುಮ್ನೆ ಕೂತವಳು ಒಪ್ಪಿದ ಹಾಗೆ ಆಯ್ತಲ್ಲ?"

ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಅವಳು ಹೇಳಿದ್ದು ಸರಿ. ನಮ್ಮಲ್ಲಿ ‘ಸಮ್ಮತಿ’ ಎಂದ ಕೂಡಲೇ ನಾಲಿಗೆಗೆ ಬರುವುದೇ ಆ ಗಾದೆ. ಸಂಸ್ಕೃತ ಓದದವರಿಗೂ ಅದು ಬಾಯಿಪಾಠ. ಕಾನೂನು ಹೇಳುವುದು ಮಾತ್ರ ತದ್ವಿರುದ್ಧ. 2013ರ ತಿದ್ದುಪಡಿಯಲ್ಲಿ ಭಾರತೀಯ ದಂಡ ಸಂಹಿತೆಯಲ್ಲಿ ಅತ್ಯಾಚಾರ ಎಂದರೆ ಏನು ಅಂತ ಹೇಳುವ 375ನೇ ಕಲಮಿಗೆ ಒಂದು ವಿವರಣೆ ಸೇರಿಸಿದರು. ಅದರ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮಿನಲ್ಲೂ ಅದು ಉಂಟು. ಹೆಣ್ಣು ಮಾತಿನಲ್ಲೋ ಸನ್ನೆಯಲ್ಲೋ ಬೇರೆ ಯಾವುದೋ ರೀತಿಯಲ್ಲೋ, ತಾನಾಗಿ, ಅನುಮಾನ ಉಳಿಯದ ಹಾಗೆ ತನಗೆ ಮನಸ್ಸಿದೆ ಅಂತ ತಿಳಿಸಬೇಕು. ಮೈಕೈ ಬಡಿದು ತಡೆಯಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಒಪ್ಪಿದ್ದಳು ಅನ್ನುವ ಹಾಗಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಾಲೇಜುಗಳಿಗಾಗಿ 2014ರಲ್ಲಿ ಮಾಡಿದ ಕಾನೂನು ಇನ್ನೂ ಬಿಡಿಸಿ ಹೇಳುತ್ತದೆ. ಮೌನ ಒಪ್ಪಿಗೆಯಲ್ಲ, ತಡೆಯದೆ ಇದ್ದದ್ದೂ ಒಪ್ಪಿಗೆಯಲ್ಲ, ಒಮ್ಮೆ ಒಪ್ಪಿದ್ದನ್ನು ಯಾವಾಗ ಬೇಕಾದರೂ ಹಿಂದೆ ತೆಗೆದುಕೊಳ್ಳಬಹುದು ಅಂತ. ನಮ್ಮ ಗಾದೆಗೆ ಎದುರಾಗಿಯೇ ಬರೆದ ಹಾಗೆ ಇದೆ, ಅಲ್ವಾ?

ಸರಿ, ‘ಒಪ್ಪಿಗೆ’ ಹಾಕುವ ಅಂದುಕೊಂಡೆ. ಅಚ್ಚಗನ್ನಡದ ಪದ. ‘ಒಪ್ಪ ಓರಣ’ದ ‘ಒಪ್ಪ’ ಇದರದೇ ಬಳಗ. ಚಂದ, ಹೊಂದಿಕೆ, ಎರಡೂ ಅದರಲ್ಲಿದೆ. ಆದರೆ ನಮ್ಮ ಕಡೆ ‘ಒಪ್ಪಿಗೆ’ ಜಾಸ್ತಿ ಕೇಳುವುದು ಎಲ್ಲಿ? "ಹುಡುಗಿ ಒಪ್ಪಿಗೆ ಆಯ್ತಂತಾ?" ಅಂದರೆ ಹುಡುಗನ ಮನೆಯವರಿಗೆ ಹುಡುಗಿ ಹಿಡಿಸಿದಳಾ ಅಂತ. ಹುಡುಗಿಯ ಮನಸ್ಸಿನ ಮಾತೇ ಅಲ್ಲಿಲ್ಲ. ಇನ್ನೊಂದು ಆಸ್ಪತ್ರೆಯ ಒಪ್ಪಿಗೆ ಪತ್ರ. ಆಪರೇಶನ್‌ಗೆ ಮೊದಲು ಒಮ್ಮೆ ಸಹಿ ಹಾಕಿದರೆ ಮುಗಿಯಿತು. ಎರಡರಲ್ಲೂ ಒಪ್ಪಿಗೆ ಅಂದರೆ ಒಂದು ಸಲ ಆಗಿ ಹೋದ ಕೆಲಸ.

ನನಗೆ ಜಾಸ್ತಿ ಹೆದರಿಕೆ ಇರುವುದು ಅದರ ಅಣ್ಣನ ಹಾಗಿರುವ ‘ಒಪ್ಪಿಸು’ ಅನ್ನುವ ಪದದ ಬಗ್ಗೆ. ಪಾಠ ಒಪ್ಪಿಸುತ್ತೇವೆ, ಕಳ್ಳನನ್ನು ಪೊಲೀಸರಿಗೆ ಒಪ್ಪಿಸುತ್ತೇವೆ, ಹಟ ಮಾಡುವವರನ್ನೂ ಒಪ್ಪಿಸುತ್ತೇವೆ. "ಹೇಗೋ ಒಪ್ಪಿಸಿದೆ" ಅಂತ ಹುಡುಗರು ಹೇಳುವುದನ್ನು ಬಸ್‌ಸ್ಟ್ಯಾಂಡಿನಲ್ಲಿ ನಾನೇ ಕೇಳಿದ್ದೇನೆ. ಹತ್ತು ಸಲ ಬೇಡ ಅಂದವಳು ಹನ್ನೊಂದನೆಯ ಸಲ ಸುಸ್ತಾಗಿ ಆಯ್ತು ಅಂದರೆ ಅದು ಒಪ್ಪಿಗೆಯೋ, ಒಪ್ಪಿಸಿದ್ದೋ? ಕನ್ನಡದಲ್ಲಿ ಎರಡೂ ಒಂದೇ ಬೇರಿನಿಂದ ಬರುತ್ತವೆ. ಹಾಳೆಯಲ್ಲಿ ಇವೆರಡನ್ನು ಬೇರೆ ಮಾಡಿ ತೋರಿಸಬೇಕು ಅಂತ ನನಗೆ ತುಂಬಾ ಅನ್ನಿಸುತ್ತಿದೆ.

ಇದಕ್ಕೆ ತಾಗಿದ್ದು ‘ಬೇಡ’. ಇದರಷ್ಟು ಸ್ಪಷ್ಟವಾದ ಪದ ಬೇರೆ ಬೇಕಾ ಅನ್ನಬಹುದು. ತುಳುವಿನ ‘ಬೊಡ್ಚಿ’, ಕೊಂಕಣಿಯ ‘ನಾಕಾ’ ಎಲ್ಲ ಅಷ್ಟೇ ನೇರ. ಆದರೆ ನಮ್ಮ ಮದುವೆ ಊಟದ ಪಂಕ್ತಿಯನ್ನು ನೆನಪಿಸಿಕೊಳ್ಳಿ. ಪಾಯಸ ಬಂತು. ಹುಡುಗಿ ಬಾಳೆಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು "ಬೇಡ, ಬೇಡ" ಅನ್ನುತ್ತಾಳೆ. ಬಡಿಸುವವರು "ಸ್ವಲ್ಪ, ಸ್ವಲ್ಪವೇ" ಅಂತ ಬೆರಳ ಸಂದಿಯಲ್ಲೇ ಸೌಟು ಇಳಿಸುತ್ತಾರೆ. ಯಾರಿಗೂ ಬೇಸರವಿಲ್ಲ. ಅದು ಪ್ರೀತಿ, ಉಪಚಾರ. ಅದಕ್ಕೆ ನಾವು ಇಟ್ಟ ಹೆಸರು ‘ಒತ್ತಾಯ’. "ಒತ್ತಾಯ ಮಾಡಿ ಬಡಿಸಿದರು" ಎಂದರೆ ಹೊಗಳಿಕೆ. ಹಾಗಾಗಿ ‘ಒತ್ತಾಯದಿಂದ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ’ ಅಂತ ಬರೆದರೆ ಓದುವವರಿಗೆ ಅದರ ಚುರುಕು ತಾಗುವುದಿಲ್ಲ. ಅಲ್ಲಿ ‘ಬಲವಂತ’ ಅಂತಲೇ ಹಾಕಿದೆ. ‘ಬೇಡ’ ಎಂದರೆ ನಾಚಿಕೆಯ ಬೇಡ ಇರಬಹುದು ಅಂತ ಊಹಿಸಿಕೊಳ್ಳುವ ಅಭ್ಯಾಸ ನಮಗೆ ಊಟದ ಎಲೆಯಿಂದಲೇ ಬಂದಿದೆ ಅಂತ ನನ್ನ ಅನಿಸಿಕೆ. ತಪ್ಪಿದ್ದರೆ ತಿದ್ದಿ.

ಉಳಿದ ಪದಗಳನ್ನು ಬೇಗ ಹೇಳಿಬಿಡುತ್ತೇನೆ. ‘ಮಾನಭಂಗ’, ‘ಶೀಲಭಂಗ’ ಎರಡನ್ನೂ ಪೂರ್ತಿ ಬಿಟ್ಟಿದ್ದೇನೆ. ತಪ್ಪು ಮಾಡಿದವನು ಒಬ್ಬ, ಮಾನ ಹೋದದ್ದು ಇನ್ನೊಬ್ಬಳದ್ದು ಅನ್ನುವ ಪದ ನನ್ನ ಕೈಯಿಂದ ಬರೆಯಲು ಆಗುವುದಿಲ್ಲ. ‘ಚುಡಾಯಿಸುವುದು’ ಕೂಡ ಇಲ್ಲ, ಅದು ಆಟದ ಮಾತಿನ ಹಾಗೆ ಕೇಳುತ್ತದೆ. ಸುಪ್ರೀಂ ಕೋರ್ಟು 2023ರ ಆಗಸ್ಟಿನಲ್ಲಿ ನ್ಯಾಯಾಧೀಶರಿಗಾಗಿ ಹೊರತಂದ ಕೈಪಿಡಿಯಲ್ಲೂ ‘ಈವ್ ಟೀಸಿಂಗ್’ ಬಿಡಿ, ಬೀದಿಯ ಲೈಂಗಿಕ ಕಿರುಕುಳ ಅನ್ನಿ ಅಂತ ಇದೆ. ‘ಕಿರುಕುಳ’ದಲ್ಲಿ ಆ ‘ಕಿರು’ ನನ್ನ ಕಿವಿಗೆ ಚುಚ್ಚುತ್ತದೆ, ಏನೋ ಸಣ್ಣ ತೊಂದರೆ ಎನ್ನುವ ಹಾಗೆ. ಆದರೆ ಎಲ್ಲರಿಗೂ ಗೊತ್ತಿರುವ ಪದ, ಇರಲಿ.

‘ಸಂತ್ರಸ್ತೆ’ಯ ಬಗ್ಗೆ ನನಗೆ ಗೊಂದಲ ಇತ್ತು. ತ್ರಸ್ತ ಅಂದರೆ ಹೆದರಿದವರು. ನೆರೆ ಬಂದಾಗ ನೆರೆ ಸಂತ್ರಸ್ತರು ಅನ್ನುತ್ತೇವೆ. ‘ಬದುಕುಳಿದವರು’ ಎಂದರೆ ಬಸ್ ಅಪಘಾತದ ಸುದ್ದಿಯ ಹಾಗೆ ಆಗುತ್ತದೆ. ಕೊನೆಗೆ ‘ನೊಂದವರು’ ಅಂತ ಬರೆದೆ. ಇದರಲ್ಲಿ ಇನ್ನೊಂದು ಅನುಕೂಲ ಉಂಟು. ‘ನೊಂದವರು’ ಹೆಣ್ಣಿಗೂ ಆಗುತ್ತದೆ, ಗಂಡಿಗೂ ಆಗುತ್ತದೆ. ಕಾಲೇಜುಗಳಲ್ಲಿ ಲೈಂಗಿಕ ಕಿರುಕುಳ ತಡೆಯಲು ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಮಾಡಿದ 2015ರ ನಿಯಮಗಳು, 2016ರ ಮೇ 2ರಂದು ಗೆಜೆಟ್‌ನಲ್ಲಿ ಬಂದವು, ಇಂಥ ತೊಂದರೆ ಹುಡುಗರಿಗೂ ತೃತೀಯ ಲಿಂಗದವರಿಗೂ ಆಗುತ್ತದೆ ಅಂತ ಒಪ್ಪುತ್ತವೆ. ‘ಸಂತ್ರಸ್ತೆ’ ಎಂದು ಬರೆದ ಹಾಳೆಯನ್ನು ನೋಡಿ ಒಬ್ಬ ಹುಡುಗ ಇದು ನನಗಲ್ಲ ಅಂತ ಹೊರಟುಹೋಗಬಾರದಲ್ಲ.

‘ದೂರು’. ಇದೂ ಕಷ್ಟದ ಪದ. ಚಿಕ್ಕಂದಿನಿಂದ "ದೂರು ಹೇಳ್ಬೇಡ" ಅಂತ ಕೇಳಿ ಬೆಳೆದ ಮಕ್ಕಳು ಇವರು. ಜೊತೆಗೆ, ಯಾವುದೋ ಲೆಕ್ಚರರ್ ಹತ್ತಿರ ಅತ್ತುಕೊಂಡು ಹೇಳಿದರೆ "ಕಂಪ್ಲೇಂಟ್ ಕೊಟ್ಟೆ" ಅಂದುಕೊಳ್ಳುತ್ತಾರೆ. ಹಾಗಲ್ಲ. ಆ ನಿಯಮಗಳ ಪ್ರಕಾರ ಕಾಲೇಜಿನ ಆಂತರಿಕ ದೂರು ಸಮಿತಿಗೆ ಬರೆದು ಕೊಡಬೇಕು, ಘಟನೆ ನಡೆದ ಮೂರು ತಿಂಗಳೊಳಗೆ. ಕಾರಣ ಸರಿ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಬರೆಯಲು ಆಗದಿದ್ದರೆ ಸದಸ್ಯರೇ ಸಹಾಯ ಮಾಡಬೇಕು. ಕುಲಪತಿ, ರಿಜಿಸ್ಟ್ರಾರ್, ಡೀನ್, ವಿಭಾಗದ ಮುಖ್ಯಸ್ಥರು ಸಮಿತಿಯಲ್ಲಿ ಇರುವ ಹಾಗಿಲ್ಲ. ವಿಷಯ ವಿದ್ಯಾರ್ಥಿಗಳದ್ದಾದರೆ ಚುನಾವಣೆಯಲ್ಲಿ ಆರಿಸಿಬಂದ ಮೂವರು ವಿದ್ಯಾರ್ಥಿಗಳೂ ಕೂತುಕೊಳ್ಳಬೇಕು. ಇದನ್ನು ಎಷ್ಟು ಮಕ್ಕಳಿಗೆ ಯಾರು ಹೇಳಿದ್ದಾರೆ? ಅದಕ್ಕೆ ಹಾಳೆಯಲ್ಲಿ ‘ಹೇಳಿಕೊಳ್ಳುವುದು’ ಬೇರೆ, ‘ದೂರು ಕೊಡುವುದು’ ಬೇರೆ ಅಂತ ಎರಡು ಸಾಲು ಬರೆದಿದ್ದೇನೆ. ಎರಡಕ್ಕೂ ಬಾಗಿಲು ತೆರೆದಿದೆ ಅಂತಲೂ ಸೇರಿಸಿದೆ.

ಸಮಿತಿ ‘ವಿಚಾರಣೆ’ ಮುಗಿಸಲು 90 ದಿನ. ಈ ಪದವೂ ನಮ್ಮ ಬಾಯಲ್ಲಿ ಸ್ವಲ್ಪ ಒರಟು. "ವಿಚಾರಿಸಿಕೊಳ್ತೇನೆ ನೋಡು" ಎಂದರೆ ಬೆದರಿಕೆ. ಆದರೂ ಪೊಲೀಸರ ತನಿಖೆಯಿಂದ ಬೇರೆ ಮಾಡಲು ಇದೇ ಬೇಕು.

ಕೊನೆಯದ್ದು ‘ರಾಜಿ’. ನಿಯಮದಲ್ಲಿ ನೊಂದವರು ತಾವಾಗಿ ಬಯಸಿದರೆ ಸಂಧಾನಕ್ಕೆ ದಾರಿ ಇದೆ, ಹಣದ ಲೆಕ್ಕದಲ್ಲಿ ಮುಗಿಸುವ ಹಾಗಿಲ್ಲ. ‘ರಾಜಿ’ ಅಂತ ಬರೆದರೆ ನಮ್ಮವರಿಗೆ ನೆನಪಾಗುವುದು "ಎರಡು ಮನೆಯವರು ಕೂತು ಮಾತಾಡಿ ಮುಗಿಸುವ" ಅನ್ನುವ ಪಂಚಾತಿಗೆ. ಅಲ್ಲಿ ಹುಡುಗಿಯನ್ನು ಯಾರೂ ಕೇಳುವುದಿಲ್ಲ. ‘ಸಂಧಾನ’ ಎಂದರೆ ಯುದ್ಧದ ಕತೆ. ಇದಕ್ಕೆ ನನಗೆ ಪದವೇ ಸಿಕ್ಕಿಲ್ಲ.

ಸದ್ಯಕ್ಕೆ ‘ಸಮ್ಮತಿ’ ತೆಗೆದು ‘ಮನಸಾರೆ ಒಪ್ಪಿಗೆ’ ಅಂತ ಹಾಕಿದ್ದೇನೆ. ಕೆಳಗೆ ಒಂದು ಸಾಲು: ‘ಸುಮ್ಮನಿದ್ದರೆ ಒಪ್ಪಿದ ಹಾಗಲ್ಲ. ನಿನ್ನೆ ಒಪ್ಪಿದ್ದು ಇವತ್ತಿಗಲ್ಲ. ಒಪ್ಪಿಸಿದ್ದು ಒಪ್ಪಿಗೆಯಲ್ಲ.’ ಆ ಹುಡುಗಿ ಓದಿ, ‘ಮನಸಾರೆ’ ಸ್ವಲ್ಪ ಲಗ್ನಪತ್ರಿಕೆಯ ಹಾಗೆ ಆಯ್ತು ಮೇಡಂ ಅಂದಳು. ಅದೂ ಸರಿಯೇ.

ಹಾಗಾಗಿ ನನ್ನ ಎರಡು ಪ್ರಶ್ನೆ. ತಾನಾಗಿ, ಬಿಡಿಸಿ, ಆ ಹೊತ್ತಿಗೆ ಕೊಟ್ಟ ಒಪ್ಪಿಗೆ ಅನ್ನುವುದಕ್ಕೆ ನಿಮ್ಮ ಊರ ಕನ್ನಡದಲ್ಲಿ, ಕುಂದಾಪುರದ್ದೋ ಧಾರವಾಡದ್ದೋ ಮೈಸೂರಿನದ್ದೋ ಆಗಲಿ, ಒಂದು ಚಿಕ್ಕ ಮಾತು ಇದೆಯಾ? ‘ರಾಜಿ’ಗೆ ಬದಲು ಏನು ಬರೆಯಬಹುದು? ಹಾಳೆ ಶುಕ್ರವಾರ ಪ್ರಿಂಟಿಗೆ ಹೋಗುತ್ತದೆ. ಗುರುವಾರ ಸಂಜೆಯೊಳಗೆ ಹೇಳಿದರೆ ಅವಳಿಗೂ ತೋರಿಸಿ ಕಳಿಸುತ್ತೇನೆ.