ಓಕ್ಯಾಮಲ್: ಟೈಪಿಗೆ ಬರೀ ‘ಟಿ’ ಎಂದಿಡಲೇ, ಪೂರ್ತಿ ಹೆಸರಿಡಲೇ?

ಪ್ರಶ್ನೆ: ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಿಂದ ಓಕ್ಯಾಮಲ್ ಎಂಬ ಇನ್ನೊಂದಕ್ಕೆ ಈಗಷ್ಟೇ ಬಂದಿದ್ದೇನೆ. ‘ಗ್ರಾಹಕ’ ಮಾಡ್ಯೂಲಿನ (ಕೋಡಿನ ಒಂದು ಪ್ರತ್ಯೇಕ ಭಾಗ) ಮುಖ್ಯ ಟೈಪಿಗೆ (ದತ್ತಾಂಶದ ಬಗೆ) ಇಲ್ಲಿನ ವಾಡಿಕೆಯಂತೆ ‘ಟಿ’ ಎನ್ನಲೇ, ‘ಗ್ರಾಹಕ’ ಎಂದೇ ಬರೆಯಲೇ? ಇಬ್ಬರ ತಂಡ, 12 ಫೈಲು. ಅನುಭವ ಇದ್ದವರು ತಿಳಿಸಿ.

ಒಂಟೆಸವಾರ: ‘ಟಿ’ ಎಂದರೆ ಯಾರಿಗೆ ತಿಳಿಯುತ್ತದೆ ಎಂದು ನಾನೂ ಜಾಣತನ ಮಾಡಿ 41 ಮಾಡ್ಯೂಲುಗಳಲ್ಲಿ ಪೂರ್ತಿ ಹೆಸರಿಟ್ಟೆ. ಆರನೇ ತಿಂಗಳಿಗೆ ಖಾತೆ ಸಂಖ್ಯೆಯನ್ನು ಕೀಲಿಯಾಗಿಟ್ಟ ಮ್ಯಾಪ್, ಅಂದರೆ ಕೀಲಿ ಕೊಟ್ಟರೆ ಅದರ ಮಾಹಿತಿ ಕೊಡುವ ಪಟ್ಟಿ, ಬೇಕಾಯಿತು. ಅದನ್ನು ಕಟ್ಟಿಕೊಡುವ ಮ್ಯಾಪ್.ಮೇಕ್ ಕೇಳುವುದು ಎರಡೇ: ‘ಟಿ’ ಎಂಬ ಟೈಪು, ಎರಡು ಕೀಲಿಗಳನ್ನು ಹೋಲಿಸುವ ‘ಕಂಪೇರ್’ ಎಂಬ ಫಂಕ್ಷನ್. ಎರಡನೆಯದು ಇತ್ತು, ಮೊದಲನೆಯದು ಇರಲಿಲ್ಲ. ‘ಟೈಪ್ ಟಿ = ಖಾತೆ_ಸಂಖ್ಯೆ’ ಎಂದು ತೇಪೆ ಹಚ್ಚಿದೆ. ಮುಂದಿನ ವಾರ ಶಾಖೆಗೊಂದು, ಆಮೇಲೆ ರಸೀದಿಗೊಂದು. ಹದಿನೇಳನೇ ತೇಪೆಗೆ ಸಾಕಾಗಿ ಶನಿವಾರ, ಭಾನುವಾರ ಕುಳಿತು ಆ ಟೈಪುಗಳ ಹೆಸರನ್ನೇ ‘ಟಿ’ ಎಂದು ಬದಲಿಸಿದೆ. ಟೈಪುಗಳ ನಾಮಕರಣದಲ್ಲಿ ಅಕ್ಕನ ಮಗಳ ನಾಮಕರಣ ತಪ್ಪಿತು. ಅಕ್ಕ ಇಂದಿಗೂ ಅದನ್ನೇ ಎತ್ತಿ ಆಡುತ್ತಾಳೆ.

ಹ್ಯಾಸ್ಕೆಲ್ ಹಳಬ: ಅದಕ್ಕೇ ನಾನು ಮನೆ ಬದಲಿಸಲಿಲ್ಲ. ನಮ್ಮಲ್ಲಿ ಟೈಪೆಂದರೆ ಮೊದಲಿಗೆ ದೊಡ್ಡಕ್ಷರ (ಕ್ಯಾಪಿಟಲ್), ಟೈಪ್ ವೇರಿಯಬಲ್ (ಯಾವ ಟೈಪಾದರೂ ಬರಬಹುದಾದ ಜಾಗ) ಎಂದರೆ ಸಣ್ಣಕ್ಷರ. ತಂಟೆಯೇ ಇಲ್ಲ.

ಒಂಟೆಸವಾರ: ನಿಮ್ಮ ರೆಕಾರ್ಡುಗಳ (ಹೆಸರಿಟ್ಟ ಫೀಲ್ಡುಗಳ ಕಂತೆ) ಕಥೆಯನ್ನೂ ಹೇಳಿ ಸ್ವಾಮಿ. ಒಂದೇ ಮಾಡ್ಯೂಲಿನ ಎರಡು ರೆಕಾರ್ಡುಗಳಿಗೆ ‘ಹೆಸರು’ ಎಂಬ ಫೀಲ್ಡ್ ಇಟ್ಟರೆ ಡಿಕ್ಕಿ. ಪ್ರತಿ ಫೀಲ್ಡಿಗೂ ಟೈಪಿನ ಹೆಸರನ್ನು ಮುಂದೆ ಕಟ್ಟಿಕೊಂಡು ತಿರುಗಿದವರು ಯಾರು?

ಹ್ಯಾಸ್ಕೆಲ್ ಹಳಬ: ನಮ್ಮ ಕಂಪೈಲರಿನ 2016ರ ಆವೃತ್ತಿಯಾದ ಜಿಎಚ್‌ಸಿ 8.0ರಲ್ಲೇ ಅದಕ್ಕೆ ಎಕ್ಸ್‌ಟೆನ್ಷನ್ ಬಂದಿದೆ. ಓದಿಕೊಂಡು ಬನ್ನಿ.

ರಾತ್ರಿಪಾಳಿ: ‘ಟಿ’ ಪಕ್ಷದವರಿಗೆ ನನ್ನದೊಂದು. ಬಿಟ್ಟುಹೋದವರೊಬ್ಬರ ಫೈಲು ನನ್ನ ಪಾಲಿಗೆ ಬಂತು. ತಲೆಯಲ್ಲೇ ಒಂಬತ್ತು ‘ಓಪನ್’, ಅಂದರೆ ಒಂಬತ್ತು ಮಾಡ್ಯೂಲುಗಳ ಹೆಸರುಗಳನ್ನೆಲ್ಲ ನೇರ ಬಳಕೆಗೆ ತಂದಿದ್ದರು. ಕೆಳಗೆ ಸಿಗ್ನೇಚರಿನಲ್ಲಿ (ಟೈಪು ಹೇಳುವ ಸಾಲು) ಬೋಳು ‘ಟಿ’. ಕೊನೆಗೆ ಓಪನ್ ಆದ ಮಾಡ್ಯೂಲಿನ ‘ಟಿ’ ಉಳಿದೆಲ್ಲವನ್ನೂ ಮುಚ್ಚಿತ್ತು. ಅದು ತಿಳಿಯುವ ಹೊತ್ತಿಗೆ ರಾತ್ರಿ ಎರಡೂವರೆ, ಫ್ಲಾಸ್ಕಿನ ಚಹಾ ಖಾಲಿ.

ಒಂಟೆಸವಾರ: ಅದು ‘ಓಪನ್’ ಮಾಡಿದವರ ತಪ್ಪು. ‘ಗ್ರಾಹಕ.ಟಿ’ ಎಂದು ಮಾಡ್ಯೂಲ್ ಸಮೇತ ಓದಲೆಂದೇ ‘ಟಿ’ ಇರುವುದು.

ರಾತ್ರಿಪಾಳಿ: ನಿದ್ದೆಗೆಟ್ಟವನು ನಾನು, ಪಾಠ ಬೇರೆ. ಹಳಬರೇ, ನಿಮಗೂ ಒಂದು ಮಾತು: ಕನ್ನಡ ಲಿಪಿಯಲ್ಲಿ ದೊಡ್ಡಕ್ಷರವೇ ಇಲ್ಲ. ಕನ್ನಡ ಅಕ್ಷರದಲ್ಲಿ ಬರೆದರೆ ನಿಮ್ಮ ಹ್ಯಾಸ್ಕೆಲಿನಲ್ಲಿ ಗ್ರಾಹಕ ಎಂದಿಗೂ ಟೈಪಾಗಲಾರ.

ಹ್ಯಾಸ್ಕೆಲ್ ಹಳಬ: ಕೋಡಿನಲ್ಲಿ ಕನ್ನಡ ಯಾರು ಬರೆಯುತ್ತಾರೆ?

ರಾತ್ರಿಪಾಳಿ: ನೋಡಿ, ಇದೇ ಧೋರಣೆ. ಅದಿರಲಿ ಸವಾರರೇ, 41ರಲ್ಲಿ 17 ಹೋದರೆ 24. ಅವನ್ನೂ ಬದಲಿಸಿದಿರಾ?

ಒಂಟೆಸವಾರ: ಅವು ಹಾಗೇ ಇವೆ. ಅವುಗಳಿಗೆ ಯಾರೂ ಇನ್ನೂ ಮ್ಯಾಪ್ ಕೇಳಿಲ್ಲ.