4294967297 ಅವಿಭಾಜ್ಯ ಸಂಖ್ಯೆಯೇ?

ಪ್ರಶ್ನೆ: ಮೇಡಂ, 2³² + 1 ಅಂದರೆ 4294967297. ನೂರರೊಳಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿದೆ, ಯಾವುದರಿಂದಲೂ ಹೋಗಲಿಲ್ಲ. ಆಧಾರ 2 ಇಟ್ಟು ಫೆರ್ಮಾ ಪರೀಕ್ಷೆ (2ನ್ನು ಸಂಖ್ಯೆಗಿಂತ ಒಂದು ಕಡಿಮೆ ಘಾತಕ್ಕೇರಿಸಿ ಅದೇ ಸಂಖ್ಯೆಯಿಂದ ಭಾಗಿಸುವುದು; ಅವಿಭಾಜ್ಯವಾದರೆ ಶೇಷ 1 ಬರಬೇಕು) ಮಾಡಿದರೂ ಶೇಷ 1 ಬಂತು. ಅವಿಭಾಜ್ಯ ಅಂತ ಬರೆಯಬಹುದಾ?

ಉತ್ತರ: ಬರೆಯಬೇಡಿ, ಇದು ಸಂಯುಕ್ತ ಸಂಖ್ಯೆ: 641 × 6700417. 3, 5, 17, 257, 65537 ಎಂಬ ಸಾಲಿನಲ್ಲಿ (ಪ್ರತಿಯೊಂದರಿಂದ 1 ಕಳೆದು, ವರ್ಗ ಮಾಡಿ, 1 ಕೂಡಿಸಿದರೆ ಮುಂದಿನದು) ಅವುಗಳ ನಂತರ ಬರುವ ಸಂಖ್ಯೆ ಇದು. ಸಾಲಿನಲ್ಲಿರುವುದೆಲ್ಲ ಅವಿಭಾಜ್ಯ ಎಂದು ಗಣಿತಜ್ಞ ಫೆರ್ಮಾ ನಂಬಿದ್ದರು. 1732ರಲ್ಲಿ ಗಣಿತಜ್ಞ ಆಯ್ಲರ್ ಈ ಸಂಖ್ಯೆಯನ್ನೇ ಒಡೆದು ತೋರಿಸಿದರು.

ನಿಮ್ಮ ಫೆರ್ಮಾ ಪರೀಕ್ಷೆ ಕೈಕೊಟ್ಟಿದ್ದು ಏಕೆಂದರೆ, 2³²ನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಶೇಷ −1 (1 ಕೂಡಿಸಿದರೆ ಪೂರ್ತಿ ಭಾಗವಾಗುತ್ತದೆ ಎಂದರ್ಥ), ಹಾಗಾಗಿ 2⁶⁴ಕ್ಕೆ ಶೇಷ 1. ಪರೀಕ್ಷೆಯಲ್ಲಿ 2ರ ಮೇಲೆ ಕೂರುವ ಘಾತ 4294967296. ಅದು 64ರಿಂದ ಸರಿಯಾಗಿ ಭಾಗವಾಗುತ್ತದೆ. ಸಂಖ್ಯೆ ಒಡೆಯಲಿ ಬಿಡಲಿ, 1 ಬಂದೇ ಬರುತ್ತದೆ. ಈ ಸಾಲಿಗೆ ಆಧಾರ 3 ಇಡಿ, ಆಗ ಬಣ್ಣ ಬಯಲಾಗುತ್ತದೆ.

ಪ್ರಶ್ನೆ: 641 ಎಂದು ಹೊಳೆಯುವುದು ಹೇಗೆ? ವರ್ಗಮೂಲ 65536 ದಾಟುತ್ತದಲ್ಲ, ಅಲ್ಲಿಯವರೆಗೂ ಭಾಗಿಸಬೇಕಾ?

ಉತ್ತರ: ಅಷ್ಟರೊಳಗೆ 6542 ಅವಿಭಾಜ್ಯಗಳಿವೆ, ಅಷ್ಟೂ ಬೇಕಿಲ್ಲ. ಈ ಸಂಖ್ಯೆಯ ಯಾವ ಅವಿಭಾಜ್ಯ ಅಪವರ್ತನವೇ ಆದರೂ 128ರ ಗುಣಕಕ್ಕೆ 1 ಕೂಡಿಸಿದ ರೂಪದಲ್ಲೇ ಇರಬೇಕು. ಸಾಲಾಗಿ ಬರೆಯಿರಿ: 129, 257, 385, 513, 641. ಇವುಗಳಲ್ಲಿ ಅವಿಭಾಜ್ಯ ಎರಡೇ, 257 ಮತ್ತು 641. 257ನ್ನು ಭಾಗಿಸದೆಯೇ ಬಿಡಬಹುದು: 3 × 5 × 17 × 257 × 65537 = 4294967295, ಆದ್ದರಿಂದ ನಮ್ಮ ಸಂಖ್ಯೆಗೆ ಶೇಷ 2. ಉಳಿದದ್ದು 641 ಮಾತ್ರ.

ಉದ್ದ ಭಾಗಾಕಾರವಿಲ್ಲದೆ ಸಾಧಿಸಲು 641ನ್ನು ಎರಡು ಬಗೆಯಲ್ಲಿ ಬರೆಯಿರಿ: 5 × 2⁷ + 1, ಮತ್ತು 5⁴ + 2⁴. 641ರಿಂದ ಭಾಗಿಸಿದರೆ, ಮೊದಲನೆಯದರಿಂದ 5 × 2⁷ಕ್ಕೆ ಶೇಷ −1. ನಾಲ್ಕನೇ ಘಾತಕ್ಕೇರಿಸಿದರೆ 5⁴ × 2²⁸ಕ್ಕೆ ಶೇಷ 1. ಎರಡನೆಯದರ ಪ್ರಕಾರ 5⁴ ಇದ್ದ ಕಡೆ −2⁴ ಹಾಕಿ. −2³²ಕ್ಕೆ ಶೇಷ 1 ಆಯಿತು, ಅಂದರೆ 2³² + 1ಕ್ಕೆ ಶೇಷ ಸೊನ್ನೆ. ಇಷ್ಟು ಅಂದದ ಸಾಧನೆ ಅಪರೂಪ, ಒಮ್ಮೆ ಕೈಯಾರೆ ಬರೆದು ನೋಡಲೇಬೇಕು.

ಪ್ರಶ್ನೆ: 6700417 ಮತ್ತೆ ಒಡೆಯುವುದಿಲ್ಲವೇ?

ಉತ್ತರ: ಇಲ್ಲ. ಅದರ ವರ್ಗಮೂಲ ಸುಮಾರು 2588. ಅದೇ 128ರ ನಿಯಮ ಹಚ್ಚಿದರೆ ನೋಡಬೇಕಾದ ಅವಿಭಾಜ್ಯಗಳು 641, 769, 1153, 1409 ಮಾತ್ರ. ಶೇಷಗಳು ಕ್ರಮವಾಗಿ 44, 120, 334, 622. ಹೀಗಾಗಿ ಮೂಲ ಸಂಖ್ಯೆಗೆ ಭಾಜಕಗಳು ಒಟ್ಟು ನಾಲ್ಕು, ಅವುಗಳ ಮೊತ್ತ 642 × 6700418 = 4301668356.

ಇನ್ನೊಬ್ಬರ ಪ್ರಶ್ನೆ: ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದೆ. 641ರಿಂದ ಭಾಗಿಸಿದರೆ ಶೇಷ 1 ತೋರಿಸುತ್ತಿದೆ!

ಉತ್ತರ: ಸಂಖ್ಯೆಯನ್ನು 32 ಬಿಟ್‌ನ ಅನ್‌ಸೈನ್ಡ್ ಇಂಟ್‌ನಲ್ಲಿ (ಋಣ ಸಂಖ್ಯೆ ಹಿಡಿಯದ ಪೂರ್ಣಾಂಕದ ಬಗೆ) ಇಟ್ಟಿರುತ್ತೀರಿ. ಅದರಲ್ಲಿ ಹಿಡಿಸುವ ಗರಿಷ್ಠ ಸಂಖ್ಯೆ 4294967295. ನಿಮ್ಮ ಸಂಖ್ಯೆ ಅದಕ್ಕಿಂತ 2 ಹೆಚ್ಚು, ಆದ್ದರಿಂದ ಸುತ್ತಿ ಬಂದು ಒಳಗೆ ಉಳಿದಿರುವುದು ಬರೀ 1. ಇನ್ನೂ ದೊಡ್ಡ ಸಂಖ್ಯೆ ಹಿಡಿಸುವ ಲಾಂಗ್ ಲಾಂಗ್ ಬಳಸಿ. ಲೂಪಿನ ಚರಾಂಕಕ್ಕೂ ಅದನ್ನೇ ಬಳಸಿ: ವರ್ಗಮೂಲದವರೆಗೆ ಮಾತ್ರ ನೋಡಲು ಚರಾಂಕದ ವರ್ಗವನ್ನು ಸಂಖ್ಯೆಯೊಂದಿಗೆ ಹೋಲಿಸುವಾಗ, ಸಾಮಾನ್ಯ ಇಂಟ್ ಆದರೆ 46341ರ ವರ್ಗಕ್ಕೆ ಬರುವಷ್ಟರಲ್ಲಿ ಮಿತಿ ಮೀರುತ್ತದೆ. ಪೈಥಾನ್‌ನಲ್ಲಿ ಈ ತೊಂದರೆಯಿಲ್ಲ.